ಓಗೊಡುವ ತಪ್ಪು, ಓಗೊಡದ ತಪ್ಪು

ನಮ್ಮ ಅಡುಗೆಮನೆಯ ಅಕ್ಕಿ ಡಬ್ಬಿಗೆ ಮುಚ್ಚಳವಾಗಿರುವುದು ಒಂದು ಮರದ ಫಲಕ. ಡಬ್ಬಿಯ ಸ್ವಂತ ಮುಚ್ಚಳ ಎಲ್ಲಿ ಹೋಯಿತೆಂದು ಕೇಳಬೇಡಿ. ಮುಚ್ಚಳಗಳು ಹೋಗುವ ಊರಿಗೇ ಹೋಗಿದೆ. ಫಲಕದ ಮೇಲೆ ಗುಂಡಗಿನ ಮರಾಠಿ ಅಕ್ಷರಗಳಲ್ಲಿ ಹೀಗೆ ಬರೆದಿದೆ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು. ಒತ್ತಿದರೂ ಬಾಗಿಲು ತೆರೆಯುವುದಿಲ್ಲ. ಬೇಸರ ಮಾಡಿಕೊಳ್ಳಬಾರದು. ಪುಣೆಯನ್ನು ಬಲ್ಲವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಇಲ್ಲಿಯ ಹಳೆಯ ಪೇಟೆಗಳಲ್ಲಿ ಅಂಗಡಿಕಾರನೇ ಮಧ್ಯಾಹ್ನ ಷಟರ್ ಎಳೆದು ಮಲಗುತ್ತಾನೆ; ಆ ಹೊತ್ತಿಗೆ ಗಿರಾಕಿ ಬಂದರೆ ಅದು ಗಿರಾಕಿಯ ಹಣೆಬರಹ. ಫಲಕ ನಮ್ಮದಲ್ಲ, ಗೋಡೆಯಾಚೆಯ ಫ್ಲ್ಯಾಟಿನ ಶಕುಂತಲಾ ಕಾಕೂ ಅವರದು; ಕಾಕೂ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಅದು ಅವರ ಬಾಗಿಲಿನಿಂದ ಇಳಿದು ನಮ್ಮ ಡಬ್ಬಿ ಏರಿದ ಕತೆ ಹೇಳಬೇಕಾದರೆ ಮೊದಲು ನಮ್ಮ ಅಜ್ಜಿಯ ವಿಷಯ ಹೇಳಬೇಕು.

ಅಜ್ಜಿ ಧಾರವಾಡದವಳು. ಅವಳ ಮನೆಯಲ್ಲಿ ಒಂದು ಕಾಯಿದೆ ಇತ್ತು: ಯಾರಾದರೂ ಒಂದು ಸಲ ಹೆಸರು ಹಿಡಿದು ಕರೆದರೆ ಓಗೊಡಕೂಡದು. "ಹೊರಗ ತಿರಗೂದು ಒಂದ ಸಲ ಕರೀತದ. ಗುರ್ತಿನ ದನೀಲೇ ಕರೀತದ. ಓ ಅಂದ್ರ ಆ ಓ ತಗೊಂಡು ಹೋಗಿಬಿಡ್ತದ. ಮನಷ್ಯಾ ಆದ್ರ ಮೂರು ಸಲ ಕರೀತಾನ. ಅಲ್ಲೀತನಾ ಬಾಯಿ ಮುಚ್ಚಿಕೊಂಡಿರ್ರಿ" ಎನ್ನುತ್ತಿದ್ದಳು. ಓ ತೆಗೆದುಕೊಂಡು ಹೋಗುವುದೆಂದರೇನು ಎಂದು ನಾವು ಕೇಳಿದರೆ ಹಿತ್ತಲ ಕಡೆಯ ಮನೆಯ ಒಬ್ಬ ಹೆಂಗಸನ್ನು ಕಣ್ಣಿನಲ್ಲೇ ತೋರಿಸುತ್ತಿದ್ದಳು. ಆಕೆ ಮಟಮಟ ಮಧ್ಯಾಹ್ನ ಬಾವಿಯ ಕಟ್ಟೆಯ ಬಳಿ ತನ್ನ ತಂಗಿಯ ದನಿಗೆ ಓ ಅಂದಿದ್ದಳಂತೆ. ತಂಗಿ ಆಗ ಇದ್ದದ್ದು ಗದಗಿನಲ್ಲಿ. ಅಂದಿನಿಂದ ಆಕೆ ಉಂಡಳು, ಉಟ್ಟಳು, ರಂಗೋಲಿ ಹಾಕಿದಳು, ಆದರೆ ತನ್ನ ಹೆಸರಿಗೆ ಮಾತ್ರ ತಿರುಗಿ ನೋಡಲಿಲ್ಲ. ನಾವು ಮಕ್ಕಳೆಲ್ಲ ಸೇರಿ ಒಮ್ಮೆ ಗೋಡೆಯ ಮರೆಯಿಂದ ಆಕೆಯ ಹೆಸರು ಕೂಗಿ ನೋಡಿದೆವು. ಆಕೆ ಬಿಸಿಲಿನಲ್ಲಿ ಕುಳಿತು ತನ್ನ ಪಾಡಿಗೆ ಹುಣಸೆಹಣ್ಣು ಬಿಡಿಸುತ್ತಿದ್ದಳು, ಕತ್ತು ಎತ್ತಲಿಲ್ಲ. ಕಿವುಡಿ ಇರಬಹುದೆಂದು ಈಗ ಅನ್ನಿಸುತ್ತದೆ. ಆಗ ನಾವು ಚಪ್ಪಲಿ ಅಲ್ಲೇ ಬಿಟ್ಟು ಓಡಿದ್ದೆವು.

ಹೀಗಾಗಿ ನಮ್ಮ ಮನೆಯವರೆಲ್ಲ ಕರೆಯುವುದನ್ನೇ ಮೂರು ಕಂತಿನಲ್ಲಿ ಕಲಿತೆವು. ಬೇರೆಯವರಿಗೆ ಇದು ತಿಳಿಯುವುದು ಕಷ್ಟ. ನಮ್ಮ ಯಜಮಾನರು ಮೈಸೂರಿನವರು. ಮದುವೆಯಾದ ಹೊಸತರಲ್ಲಿ ಒಬ್ಬರೇ ಧಾರವಾಡಕ್ಕೆ ಹೋದವರು ಅಂಗಳದಲ್ಲಿ ನಿಂತು ಮೆಲುದನಿಯಲ್ಲಿ "ಅತ್ತೆ" ಎಂದು ಒಂದೇ ಸಲ ಕರೆದರಂತೆ. ಒಳಗೆ ಮನೆ ತುಂಬ ಜನ. ಎಲ್ಲರಿಗೂ ಕೇಳಿಸಿದೆ, ಎಲ್ಲರೂ ಎರಡನೆಯದಕ್ಕೆ ಕಾಯುತ್ತಿದ್ದಾರೆ. ಇವರೋ ಸಭ್ಯಸ್ಥರು, ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕೂತರು. ಬಹಳ ಹೊತ್ತಿನ ಮೇಲೆ ಎಮ್ಮೆಗೆ ನೀರು ಕುಡಿಸಲು ಹೊರಬಂದ ಅವ್ವ, "ಅಯ್ಯ, ಅಳಿಯಂದ್ರು! ಬರ್ರಿ ಬರ್ರಿ, ನೀವ ಖರೇನ ಬಂದೀರೇನು!" ಎಂದಳಂತೆ. ಆ ಪ್ರಶ್ನೆಯ ಅರ್ಥ ಅವರಿಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ನಾನು ಮುಂದೆ ಓದಿದ್ದು ಸಂಖ್ಯಾಶಾಸ್ತ್ರ, ಪಾಠ ಮಾಡುವುದೂ ಅದನ್ನೇ, ಪುಣೆಯ ಒಂದು ಕಾಲೇಜಿನಲ್ಲಿ. ಅಜ್ಜಿಯ ಕಾಯಿದೆ ನಮ್ಮ ಶಾಸ್ತ್ರದ ಮೊದಲ ಪಾಠ ಎಂದು ತಿಳಿದ ದಿನ ನನಗೆ ನಗು ಬಂದಿತ್ತು. ನಮ್ಮ ಶಾಸ್ತ್ರ ಶುರುವಾಗುವುದು 'ಏನೂ ಇಲ್ಲ' ಎಂಬ ಮಾತಿನಿಂದ. ಔಷಧಿಯಲ್ಲಿ ಗುಣವಿಲ್ಲ, ರೋಗಿಗೆ ರೋಗವಿಲ್ಲ, ಹೊರಗೆ ಯಾರೂ ಕರೆದಿಲ್ಲ ಎಂದು ಮೊದಲು ನಂಬಬೇಕು. ಸಾಕ್ಷಿ ಜೋರಾಗಿದ್ದರೆ ಮಾತ್ರ ಆ ನಂಬಿಕೆ ಬಿಡಬೇಕು. ಇಲ್ಲಿ ಮನುಷ್ಯ ಎರಡು ಬಗೆಯಲ್ಲಿ ಮುಗ್ಗರಿಸುತ್ತಾನೆ. ಯಾರೂ ಕರೆಯದಿದ್ದರೂ ಓ ಅನ್ನುವುದು ಮೊದಲನೇ ಬಗೆಯ ತಪ್ಪು. ನಿಜವಾಗಿ ಯಾರೋ ಕರೆದಾಗ ಸುಮ್ಮನಿರುವುದು ಎರಡನೇ ಬಗೆಯದು. ಮೂರು ಸಲ ಕರೆಯುವ ತನಕ ಬಾಯಿ ಮುಚ್ಚಿಕೊಂಡಿದ್ದರೆ ಮೊದಲನೆಯ ತಪ್ಪು ಕಡಿಮೆಯಾಗುತ್ತದೆ, ಆದರೆ ಅಳಿಯ ಕಟ್ಟೆಯ ಮೇಲೆ ಕೂತಿರುತ್ತಾನೆ. ಒಂದನ್ನು ಅದುಮಿದರೆ ಇನ್ನೊಂದು ಉಬ್ಬುತ್ತದೆ. ಎರಡನ್ನೂ ಒಟ್ಟಿಗೆ ಅಳಿಸುವ ಉಪಾಯ ನಮ್ಮ ಶಾಸ್ತ್ರದಲ್ಲೂ ಇಲ್ಲ, ಅಜ್ಜಿಯ ಬಳಿಯೂ ಇರಲಿಲ್ಲ.

ಪಾಠ ಹೇಳುವವರೆಲ್ಲ ಬುದ್ಧಿವಂತರೆಂದು ತಿಳಿಯಬೇಡಿ. ನಾನು ಸ್ಕೂಟರಿನಲ್ಲಿ ಅರ್ಧ ದಾರಿ ಹೋದ ಮೇಲೆ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂಬ ಗುಮಾನಿ ಎದ್ದು, ಕರ್ವೆ ರಸ್ತೆಯ ಟ್ರಾಫಿಕ್ಕಿನಲ್ಲಿ ಬೈಗುಳ ತಿನ್ನುತ್ತ ತಿರುಗಿ ಬರುವವಳು. ಪ್ರತಿ ಸಲವೂ ಗ್ಯಾಸ್ ಆರಿಸಿಯೇ ಇರುತ್ತದೆ. "ಇಷ್ಟು ವರ್ಷದಲ್ಲಿ ಒಂದು ಸಲಾನಾದ್ರೂ ಉರೀತಿತ್ತಾ?" ಎಂದು ಯಜಮಾನರು ಕೇಳುತ್ತಾರೆ. ಉರಿಯದೇ ಇದ್ದದ್ದಕ್ಕೆ ನೀವು ಈ ಮಾತು ಕೇಳಲು ಉಳಿದಿದ್ದೀರಿ ಎಂದು ನಾನು ಹೇಳುತ್ತೇನೆ. ಹಾಲು ಹುಳಿಯಾಗಿದೆಯೆಂದು ಒಳ್ಳೆಯ ಹಾಲು ಚೆಲ್ಲುವವಳೂ ನಾನೇ, ಒಳ್ಳೆಯದೆಂದು ಹುಳಿ ಹಾಲಿನ ಚಹಾ ಕುಡಿಸುವವಳೂ ನಾನೇ.

ಇರಲಿ, ಅವ್ವನ ಮಾತಿಗೆ ಬರುತ್ತೇನೆ. ಅವ್ವ ನಮ್ಮ ಜೊತೆ ಪುಣೆಯಲ್ಲಿ ಬಹಳ ವರ್ಷಗಳಿಂದ ಇದ್ದಾಳೆ. ಇಲ್ಲಿ ಅವಳಿಗೆ ಸಿಕ್ಕ ಗೆಳತಿ ಶಕುಂತಲಾ ಕಾಕೂ. ಕಾಕೂ ಮರಾಠಿ ಬಿಟ್ಟು ಮಾತಾಡುವುದಿಲ್ಲ, ಅವ್ವ ಕನ್ನಡ ಬಿಟ್ಟು ಮಾತಾಡುವುದಿಲ್ಲ, ಇಬ್ಬರೂ ಒಬ್ಬರ ಮಾತಿಗೆ ಒಬ್ಬರು ಕಾಯುವುದೂ ಇಲ್ಲ. ಗೆಳೆತನ ಗಟ್ಟಿಯಾಗಲು ಇನ್ನೇನು ಬೇಕು? ಇಬ್ಬರೂ ಸೇರಿ ಜೇಜುರಿಗೆ ಹೋಗಿ ಬಂದರು. ಅಲ್ಲಿರುವವನು ಖಂಡೋಬಾ ಎಂದು ಕಾಕೂ, ಅಲ್ಲ ನಮ್ಮ ಮೈಲಾರಲಿಂಗ ಎಂದು ಅವ್ವ, ಸಾಸವಡದ ತನಕ ಬಸ್ಸಿನಲ್ಲಿ ವಾದ ಮಾಡಿ, ಮೈಯೆಲ್ಲ ಅರಿಶಿನದ ಭಂಡಾರ ಮಾಡಿಕೊಂಡು ಹಳದಿ ಬಣ್ಣದಲ್ಲಿ ಮರಳಿದ್ದರು. ಅವ್ವನ ಮಂಚ ಒಂದು ಗೋಡೆಗೆ ಹತ್ತಿದೆ, ಅದೇ ಗೋಡೆಯ ಆಚೆ ಕಾಕೂ ಅಡುಗೆಮನೆ. ಕಾಕೂ ಒಂಟಿ ಜೀವ. ಅವರ ಮನೆಯ ಇನ್ನೊಂದು ಕೀಲಿ ನಮ್ಮ ದೇವರ ಮನೆಯ ಮೊಳೆಗೆ ತೂಗುತ್ತಿರುತ್ತದೆ.

ಹೋದ ಚಳಿಗಾಲದಲ್ಲಿ ಅವ್ವ ಒಂದು ಮಧ್ಯಾಹ್ನ ಮಂಚದ ಮೇಲಿಂದ "ಓ, ಬಂದೆ" ಎಂದಳು. ನಾನು ಅಡುಗೆಮನೆಯಲ್ಲಿದ್ದೆ. ಯಾರೂ ಕರೆದಿರಲಿಲ್ಲ. ಕನಸು ಕಂಡಿರಬೇಕು ಎಂದುಕೊಂಡೆ. ಕೆಲವು ದಿನಗಳ ಮೇಲೆ ಮತ್ತೆ. ಆಮೇಲೆ ಊಟ ಮಾಡುವಾಗ, ಹೂಬತ್ತಿ ಹೊಸೆಯುವಾಗ, ಕಣ್ಣು ಪೂರ್ತಿ ತೆರೆದಿರುವಾಗಲೂ ಶುರುವಾಯಿತು. ಮಾತಿನ ನಡುವೆ ತಟ್ಟನೆ ನಿಲ್ಲುವಳು, ಕತ್ತು ಓರೆ ಮಾಡುವಳು, "ಓ" ಎನ್ನುವಳು. ಯಾರಿಗೆಂದು ಕೇಳಿದರೆ, "ಕರದಂಗಾತು" ಎಂದಷ್ಟೇ ಹೇಳುವಳು. ನನ್ನ ಮೈ ಜುಮ್ಮೆಂದದ್ದು ಅವಳು ಇಲ್ಲದ ದನಿ ಕೇಳುತ್ತಾಳೆ ಎಂಬುದಕ್ಕಲ್ಲ. ಜೀವಮಾನವೆಲ್ಲ ಮೂರನೆಯ ಕರೆಗೆ ಕಾದವಳು ಈಗ ಮೊದಲನೆಯದಕ್ಕೇ ಓಗೊಡುತ್ತಿದ್ದಾಳೆ ಎಂಬುದಕ್ಕೆ.

ಡಾಕ್ಟರು ವಿಚಾರವಂತರು. ಕಿವಿ ಮಂದವಾದಾಗ ಮೆದುಳು ತಾನೇ ಸದ್ದು ಕಟ್ಟಿಕೊಳ್ಳುವುದುಂಟು ಎಂದರು. ಅಥವಾ ಇದು ಮರೆವಿನ ರೋಗದ ಹೊಸ್ತಿಲೂ ಆಗಿರಬಹುದು, ಈಗಲೇ ಹೇಳಲಾಗದು ಎಂದರು. ಒಂದು ಗುಳಿಗೆ ಬರೆದರು. "ದನಿ ನಿಲ್ಲುತ್ತವೆ. ಆದರೆ ಸ್ವಲ್ಪ ಮಂಕಾಗುತ್ತಾರೆ, ಹೆಚ್ಚು ನಿದ್ದೆ ಮಾಡುತ್ತಾರೆ. ನೀವೇ ಯೋಚಿಸಿ" ಎಂದರು. ಗುಳಿಗೆಯ ಪಟ್ಟಿಯನ್ನು ತಂದು ಉಪ್ಪಿನ ಭರಣಿಯ ಹಿಂದೆ ಇಟ್ಟೆ. ದಿನವೂ ಅದು ಕಣ್ಣಿಗೆ ಬೀಳುತ್ತಿತ್ತು. ನೆಟ್ಟಗಿರುವ ಅವ್ವನಿಗೆ ಗುಳಿಗೆ ಕೊಟ್ಟರೆ ಇರುವ ಅವ್ವನನ್ನು ನನ್ನ ಕೈಯಾರೆ ಮಂಕು ಮಾಡಿದ ಹಾಗೆ. ರೋಗವಿರುವ ಅವ್ವನಿಗೆ ಕೊಡದಿದ್ದರೆ ಅವಳು ಆ ದನಿಗಳ ಹಿಂದೆ ಎಲ್ಲಿಯೋ ನಡೆದುಬಿಟ್ಟಾಳು. ಮಕ್ಕಳಿಗೆ ಹಲಗೆಯ ಮೇಲೆ ಈ ಎರಡು ತಪ್ಪುಗಳನ್ನು ಎಷ್ಟು ಸರಾಗವಾಗಿ ಬರೆಯುತ್ತಿದ್ದೆ! ಮನೆಯಲ್ಲಿ ನನಗೆ ದಿಕ್ಕು ತೋಚಲಿಲ್ಲ, ಹೆದರಿಕೆಯಾಗುತ್ತಿತ್ತು.

ಕೊನೆಗೆ ನನ್ನ ಶಾಸ್ತ್ರವನ್ನೇ ನೆಚ್ಚಿದೆ. ಅವ್ವನ ಕಿವಿಯನ್ನು ಪರೀಕ್ಷಿಸಲು ಮನೆಯ ಮೂಲೆ ಮೂಲೆಯಿಂದ ಕರೆಯತೊಡಗಿದೆ. ಬಾಲ್ಕನಿಯಲ್ಲಿ ಒಣಹಾಕಿದ ಸೀರೆಯ ಹಿಂದೆ ನಿಂತು, ಬಚ್ಚಲಿನಲ್ಲಿ ನಿಂತು, ಮೆಲ್ಲಗೆ, ಜೋರಾಗಿ. "ಏನೇ ಇದು, ವಯಸ್ಸಾದ ಮೇಲೆ ಕಣ್ಣಾಮುಚ್ಚಾಲೆ?" ಎಂದು ಯಜಮಾನರು ನಕ್ಕರು. ಫಲಿತಾಂಶ ನಗುವಂಥದ್ದಾಗಿರಲಿಲ್ಲ. ನಾನು ಕರೆದಾಗ ಅವ್ವನಿಗೆ ಬಹುಪಾಲು ಕೇಳಿಸಲೇ ಇಲ್ಲ. ನಾನು ಸುಮ್ಮನಿದ್ದಾಗ ಓಗೊಟ್ಟಳು. ಎರಡೂ ಬಗೆಯ ತಪ್ಪನ್ನು ಒಟ್ಟಿಗೆ ಇಷ್ಟು ಚೆನ್ನಾಗಿ ಮಾಡುವ ಕಿವಿಯನ್ನು ನಂಬಲು ಯಾವ ಆಧಾರವೂ ಇರಲಿಲ್ಲ. ಗುಳಿಗೆ ಶುರು ಮಾಡುವುದೇ ಸರಿ ಎಂದು ತೀರ್ಮಾನಿಸಿದೆ.

ಅಂದು ಮಧ್ಯಾಹ್ನ ಊಟವಾದ ಮೇಲೆ ಗುಳಿಗೆ, ನೀರು ಹಿಡಿದು ಅವಳ ಕೋಣೆಗೆ ಹೋದೆ. ಕಾಲೋನಿಯೆಲ್ಲ ಮಲಗಿತ್ತು. ಬೀದಿಯಲ್ಲಿ ಒಂದು ನಾಯಿಯ ಸದ್ದೂ ಇಲ್ಲ. ಅವ್ವ ಮಂಚದ ಮೇಲೆ ನೆಟ್ಟಗೆ ಕೂತು ಗೋಡೆಯನ್ನೇ ನೋಡುತ್ತಿದ್ದಳು. "ಓ, ಬಂದೆ, ಬಂದೆ" ಎಂದಳು. ಅಷ್ಟು ಗಟ್ಟಿಯಾಗಿ ಅವಳು ಎಂದೂ ಓಗೊಟ್ಟಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಶಕುಂತಲಾ ಕರೀಲಿಕ್ಕತ್ತಾಳ, ಹೋಗಿ ನೋಡು" ಎಂದಳು.

"ಅವ್ವಾ, ಕಾಕೂ ಮಲಗಿರ್ತಾರ. ಈಗ ಬೆಲ್ ಹೊಡದ್ರ ಏನಂದಾರು? ನನಗೇನೂ ಕೇಳಿಸಿಲ್ಲ."

"ನಿನಗ ಕೇಳಿಸಿಲ್ಲ ಖರೆ. ಹೋಗು."

"ಮೊದಲ ಈ ಗುಳಿಗಿ ತಗೋ."

ಅವ್ವ ನನ್ನ ಕೈ ಸರಿಸಿ ಎದ್ದಳು. ಬರಿಗಾಲಲ್ಲಿ, ಗೋಡೆ ಹಿಡಿದುಕೊಂಡು ಹೊರಟೇಬಿಟ್ಟಳು. ಮೂರು ಸಲ ಕರೆಯಲಿಲ್ಲವಲ್ಲ ಎಂದು ಅಜ್ಜಿಯ ಕಾಯಿದೆಯನ್ನು ನೆನಪಿಸಿದೆ. ಅವ್ವ ನಿಲ್ಲಲೂ ಇಲ್ಲ. "ಮೂರು ಸಲ ಕರೀಲಿಕ್ಕೆ ಎಲ್ಲಾರ ಹಂತೇಕ ಉಸರು ಇರ್ತದಂತ ಏನದ?" ಎಂದಳು.

ಕಾಕೂ ಬಾಗಿಲಿನ ಮುಂದೆ ನಾನು ಆ ಫಲಕವನ್ನು ಓದುತ್ತ ನಿಂತೆ. ಇಷ್ಟು ವರ್ಷ ಪಕ್ಕದಲ್ಲಿದ್ದೂ ಆ ಹೊತ್ತಿನಲ್ಲಿ ಒಮ್ಮೆಯೂ ಬೆಲ್ ಒತ್ತಿದವಳಲ್ಲ. ಅವ್ವ ಒತ್ತಿದಳು. ಉತ್ತರವಿಲ್ಲ. ಆದರೆ ಉತ್ತರ ಬರುವುದಿಲ್ಲವೆಂದು ಫಲಕದಲ್ಲೇ ಬರೆದಿತ್ತಲ್ಲ. ಒಳಗೆ ಕಾಕೂ ಸುಖವಾಗಿ ಮಲಗಿದ್ದರೂ ಈ ಮೌನವೇ, ಏನಾದರೂ ಆಗಿದ್ದರೂ ಈ ಮೌನವೇ. ಇದನ್ನು ಸಾಕ್ಷಿ ಎನ್ನಲಾಗದು ಎಂದು ನನ್ನೊಳಗಿನ ಮಾಸ್ತರಿಣಿ ವಿವರಿಸುತ್ತಿದ್ದಳು. ಅಷ್ಟರಲ್ಲಿ ಅವ್ವ ದೇವರ ಮನೆಯಿಂದ ಕೀಲಿ ತಂದು ನನ್ನ ಕೈಗೆ ತುರುಕಿದಳು.

ಕಾಕೂ ಅಡುಗೆಮನೆಯ ನೆಲದ ಮೇಲೆ, ನಮ್ಮ ಗೋಡೆಗೆ ತಲೆಯಾನಿಸಿ ಬಿದ್ದಿದ್ದರು. ಕಣ್ಣು ತೆರೆದೇ ಇತ್ತು. ಬಾಯಿ ಒಂದು ಕಡೆ ವಾಲಿತ್ತು. ಅವ್ವ ಪಕ್ಕದಲ್ಲಿ ಕೂತು ಅವರ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡು, "ಬಂದೆ ಅಂದೆನಲ್ಲ, ಬಂದೇನಿ" ಎಂದಳು. ಆಂಬುಲೆನ್ಸ್ ಬರುವ ತನಕ ಹಾಗೆಯೇ ಕೂತಿದ್ದಳು. ಬೇಗ ಕರೆತಂದದ್ದಕ್ಕೆ ಜೀವ ಉಳಿಯಿತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಗುಳಿಗೆಯನ್ನು ನಾನು ಉಪ್ಪಿನ ಭರಣಿಯ ಹಿಂದಕ್ಕೇ ಸೇರಿಸಿದೆ. ನಮ್ಮ ಅವ್ವನಿಗೆ ಏನೂ ಆಗಿಲ್ಲ, ಅವಳ ಕಿವಿ ನಮ್ಮೆಲ್ಲರ ಕಿವಿಗಿಂತ ಚುರುಕಾಗಿದೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಎಷ್ಟು ಹಗುರವಾಗಿದ್ದೆನೆಂದರೆ ಕಾಲೇಜಿನ ದಾರಿಯಲ್ಲಿ ಗ್ಯಾಸಿನ ನೆನಪೂ ಬರಲಿಲ್ಲ.

ಕಾಕೂಗೆ ಮಾತು ಮರಳಲು ತಿಂಗಳುಗಳೇ ಹಿಡಿದವು. ಮನೆಗೆ ಬಂದ ಮೇಲೆ ಒಂದು ದಿನ ಅವರಿಗೆ ಗಂಜಿ ಒಯ್ದವಳು, ಅಷ್ಟು ದಪ್ಪ ಗೋಡೆಯಾಚೆಗೆ ಕೇಳುವಂತೆ ಹೇಗೆ ಕೂಗಿದಿರಿ ಕಾಕೂ ಎಂದು ಕೇಳಿದೆ. ಅವರು ಚಮಚ ಕೆಳಗಿಟ್ಟರು. "ಮೀ ಹಾಕ ಮಾರಲೀಚ ನಾಹೀ ಗ" ಎಂದರು. ನಾನು ಕರೆಯಲೇ ಇಲ್ಲ ಎಂದು ಅದರ ಅರ್ಥ. ಬಾಯಿ ತೆರೆಯಲೇ ಆಗುತ್ತಿರಲಿಲ್ಲವಂತೆ. ಕೈಯೂ ಏಳುತ್ತಿರಲಿಲ್ಲವಂತೆ. ಗೋಡೆಯಾಚೆಯಿಂದ ಅವ್ವನ "ಓ, ಬಂದೆ" ಮಾತ್ರ ಅವರಿಗೆ ಸ್ಪಷ್ಟವಾಗಿ ಕೇಳಿಸಿತಂತೆ. ಇವಳು ಯಾರಿಗೆ ಓ ಅನ್ನುತ್ತಿದ್ದಾಳೆ ಎಂದುಕೊಂಡೆ, ಎಂದರು. ಗಂಜಿ ಆರಿಹೋಯಿತು. ನಾನು ಏಳುವಾಗ, ಆ ಫಲಕ ಕಿತ್ತು ಒಲೆಗೆ ಹಾಕು, ಇನ್ನು ನನ್ನ ಬಾಗಿಲಿಗೆ ಬೇಡ ಎಂದರು. ಕಿತ್ತು ತಂದೆ. ಒಲೆ ಎಲ್ಲಿದೆ ಈ ಕಾಲದಲ್ಲಿ? ಅಕ್ಕಿ ಡಬ್ಬಿಯ ಮೇಲೆ ಇಟ್ಟೆ.

ಯಜಮಾನರಿಗೆ ಹೇಳಿದಾಗ ಅವರು ಸಮಾಧಾನವಾಗಿಯೇ ಇದ್ದರು. "ದಿನಾ ಅಷ್ಟು ಸಲ ಓ ಅಂತಾರೆ. ಯಾವತ್ತೋ ಒಂದು ಸಲ ತಾಳೆ ಆಗ್ಲೇಬೇಕಲ್ವಾ? ನೀನೇ ಪಾಠ ಮಾಡೋದು ಇದನ್ನ" ಎಂದರು. ನಿಜ, ನಾನೇ ಪಾಠ ಮಾಡುವುದು. ಬಾಣ ಬಿಡುತ್ತಲೇ ಇದ್ದರೆ ಒಂದಾದರೂ ಎಲ್ಲಿಯೋ ನಾಟುತ್ತದೆ. ನಮ್ಮವರಲ್ಲಿ ಕೆಲವರು ತಮಾಷೆಗೆ ಮೂರನೇ ಬಗೆಯ ತಪ್ಪೊಂದನ್ನು ಹೇಳುವುದುಂಟು: ಕೇಳದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು. ತರಗತಿಯಲ್ಲಿ ಅದನ್ನು ಹೇಳಿ ನಗಿಸುತ್ತಿದ್ದೆ. ಈಗ ಹೇಳುವುದಿಲ್ಲ. ಅವ್ವ ತಪ್ಪು ಕೇಳಿಸಿಕೊಂಡಿದ್ದಳು, ಆದರೆ ಕಾಕೂ ಅಲ್ಲಿ ಬಿದ್ದಿದ್ದರು; ಇದರ ಮುಂದೆ ನನಗೆ ನಗು ಬರುವುದಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವ್ವ ಮತ್ತೆ ಗಟ್ಟಿಯಾಗಿ "ಓ, ಬಂದೆ, ಬಂದೆ" ಎಂದಳು. ಅದೇ ಗಟ್ಟಿತನ. ನಾನು ಕೈಯಲ್ಲಿದ್ದ ಲಟ್ಟಣಿಗೆಯ ಸಮೇತ ಓಡಿ ಕಾಕೂ ಬೆಲ್ ಒತ್ತಿದೆ. ಕಾಕೂ ಕೋಲೂರಿಕೊಂಡು ಬಂದು ಬಾಗಿಲು ತೆರೆದರು, ಚೆನ್ನಾಗಿಯೇ ಇದ್ದರು. ಕ್ಷಮೆ ಕೇಳಿ ಮರಳಿದರೆ ಅವ್ವ ನಡುಮನೆಯಲ್ಲಿ ನಿಂತು ನನ್ನನ್ನೇ, ತಲೆಯಿಂದ ಪಾದದ ತನಕ, ನೋಡುತ್ತಿದ್ದಳು.

"ಯಾರು ಕರದ್ರವ್ವಾ?"

"ನೀನ."

ಫ್ಯಾನು ತಿರುಗುತ್ತಿತ್ತು. ಲಟ್ಟಣಿಗೆಯನ್ನು ಕೆಳಗಿಟ್ಟೆ. "ನಾ ಕರದಿಲ್ಲವ್ವಾ" ಎಂದೆ.

"ಗೊತ್ತದ. ಶಕುಂತಲಾನೂ ಕರದಿದ್ದಿಲ್ಲಂತ."

ಅದು ಅವಳಿಗೆ ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ ಭರಣಿಯ ಹಿಂದಿನಿಂದ ಗುಳಿಗೆ ತೆಗೆದೆ. ಅವಳ ಒಳಿತಿಗೆ ಎಂದು ಸುಳ್ಳು ಹೇಳಲಾರೆ. ನನಗೆ ಭಯವಾಗಿತ್ತು, ಆ ದನಿ ನಿಲ್ಲಬೇಕಾಗಿತ್ತು, ಅಷ್ಟೇ. ಲೋಟಕ್ಕೆ ನೀರು ತುಂಬಿಸಿ ತಂದು ಅವಳ ಮುಂದೆ ಹಿಡಿದೆ. ಅವ್ವ ಗುಳಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಸಿಟ್ಟು ಮಾಡಲಿಲ್ಲ. ನಾನು ಸಣ್ಣವಳಿದ್ದಾಗ ಜ್ವರ ಬಂದರೆ ಮುಟ್ಟುತ್ತಿದ್ದಂತೆ ಅಂಗೈಯ ಹಿಂಬದಿಯಿಂದ ನನ್ನ ಹಣೆ ಮುಟ್ಟಿದಳು.

"ನೀ ಕರೀಲಾರದ ನಾ ಬಂದ್ರ ಏನು ಹೋತು? ನಾಕು ಹೆಜ್ಜಿ ನಡದಂಗಾತು. ನೀ ಕರದಾಗ ನಾ ಗುಳಿಗಿ ತಗೊಂಡು ಮಲಗಿದ್ರ?" ಎಂದಳು.

ಅದಕ್ಕಿಂತ ಚೆನ್ನಾಗಿ ಎರಡು ತಪ್ಪುಗಳ ತೂಕವನ್ನು ನಾನು ಎಂದೂ ಪಾಠ ಮಾಡಿಲ್ಲ. ಆದರೆ ಪಾಠ ಚೆನ್ನಾಗಿದ್ದರೆ ಹೆದರಿಕೆ ಹೋಗುತ್ತದೆಯೇ? ಯಜಮಾನರಿಗೆ ಹೇಳದೆ ಹೋಗಿ ರಕ್ತ, ಎದೆ, ತಲೆ ಎಲ್ಲ ಪರೀಕ್ಷೆ ಮಾಡಿಸಿಕೊಂಡೆ. ಏನೂ ಕಾಣಲಿಲ್ಲ ಎಂದರು. ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ ಎಂದು ವರ್ಷ ವರ್ಷ ಮಕ್ಕಳ ತಲೆಗೆ ತುಂಬಿದವಳು ನಾನೇ. ಈ ಮಾತನ್ನು ಯಾರಾದರೂ ನನಗೆ ಕಲಿಸದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮೊದಲ ಬಾರಿಗೆ ಅನ್ನಿಸಿತು.

ಅವ್ವ ಈಗಲೂ ಓಗೊಡುತ್ತಾಳೆ. ನನ್ನ ದನಿಗೇ ಎನ್ನುತ್ತಾಳೆ. ಪ್ರತಿ ಸಲವೂ ಬರುತ್ತಾಳೆ, ಪ್ರತಿ ಸಲವೂ ನಾನು ಕರೆದಿಲ್ಲ ಎನ್ನುತ್ತೇನೆ, ಅವಳು ತಲೆಯಾಡಿಸಿ ಮರಳುತ್ತಾಳೆ. ನಿನ್ನೆ ರವಿವಾರ. ಯಜಮಾನರು ಮಲಗಿದ್ದರು. ನಾನು ಮೇಜಿನ ಬಳಿ ಮೆಂತ್ಯೆಸೊಪ್ಪು ಬಿಡಿಸುತ್ತಿದ್ದೆ, ಮನೆಯೆಲ್ಲ ಸ್ತಬ್ಧವಾಗಿತ್ತು, ಎದೆಯೊಳಗೆ ಕಾರಣವಿಲ್ಲದೆ ಏನೋ ಒಂಟಿತನ ಒತ್ತುತ್ತಿತ್ತು. ತುಟಿ ಬಿಚ್ಚಿರಲಿಲ್ಲ. ಒಳಗಿನಿಂದ "ಓ, ಬಂದೆ" ಎಂದು ಕೇಳಿಸಿತು. ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ಬಾಗಿಲಲ್ಲಿ ನಿಂತು, "ಯಾಕ ಕರದೆವಾ?" ಎಂದಳು. ಕರೆದಿಲ್ಲ ಎನ್ನಲು ಹೋದೆ. ನನಗೇ ಖಾತ್ರಿಯಾಗಲಿಲ್ಲ. "ಬಾ ಅವ್ವಾ, ಇಲ್ಲೆ ನನ್ನ ಹಂತೇಕ ಕೂಡು" ಎಂದೆ.